ಉದುರುವುದು, ಉದುರಿಸುವುದು

ಧಾರವಾಡದ ಕಡೆ ಜೋಳದ ರೊಟ್ಟಿಯ ಜೊತೆ ಉದುರುಬ್ಯಾಳಿ ಬಡಿಸುತ್ತಾರೆ. ಬೇಳೆ ಬೆಂದಿರಬೇಕು, ಆದರೆ ಕಾಳಿಗೆ ಕಾಳು ಅಂಟಿರಬಾರದು. ಹಳೆ ಮೈಸೂರಿನಲ್ಲಿ ಚಿತ್ರಾನ್ನಕ್ಕೆ ಅನ್ನ ಉದುರುದುರಾಗಿರಬೇಕು ಎನ್ನುತ್ತಾರೆ. ಎರಡು ಕಡೆಯೂ ಪದ ಹೇಳುವುದು ಒಂದನ್ನೇ: ಒಂದಕ್ಕೊಂದು ಹಿಡಿದುಕೊಂಡಿದ್ದದ್ದು ಬಿಟ್ಟುಕೊಂಡಿದೆ. ಅಡುಗೆಮನೆಯ ಈ ಪದದೊಳಗೆ ಸಸ್ಯಶಾಸ್ತ್ರದ ಒಂದು ದೊಡ್ಡ ಸತ್ಯ ಕೂತಿದೆ. ಹತ್ತಿಯನ್ನು ಯಂತ್ರದಿಂದ ಬಿಡಿಸುವ ದೇಶಗಳಲ್ಲಿ ಕೊಯ್ಲಿಗೆ ಮುಂಚಿನ ಎರಡು ವಾರಗಳ ಕೆಲಸವೆಲ್ಲ ಆ ಸತ್ಯವನ್ನೇ ನೆಚ್ಚಿಕೊಂಡಿದೆ.

ಹಳಗನ್ನಡದಲ್ಲಿ ಪದದ ರೂಪ ಉದಿರ್. ತಮಿಳಿನಲ್ಲಿ ಇಂದಿಗೂ ಅದು ಉದಿರ್, ಮಲಯಾಳದಲ್ಲಿ ಉದಿರುಕ. ವ್ಯಂಜನದಲ್ಲಿ ಮುಗಿಯುತ್ತಿದ್ದ ಕನ್ನಡದ ಪದಗಳು ಕಾಲಾಂತರದಲ್ಲಿ ಕೊನೆಗೊಂದು ಉಕಾರ ತಂದುಕೊಂಡವು. ಕಾಲ್ ಕಾಲು ಆಯಿತು, ಬೇರ್ ಬೇರು ಆಯಿತು, ಉದಿರ್ ಉದಿರು ಆಯಿತು. ಆಚೀಚೆ ಎರಡು ಉಕಾರಗಳ ನಡುವೆ ಸಿಕ್ಕ ಇಕಾರವೂ ಬಹಳ ದಿನ ಉಳಿಯಲಿಲ್ಲ, ಉದಿರು ಉದುರಾಯಿತು. ತಮಿಳಿನ ಕುದಿರೈಗೆ ಎದುರಾಗಿ ನಮ್ಮಲ್ಲಿ ಕುದುರೆ ಇರುವುದನ್ನು ನೋಡಿದರೆ ನಮ್ಮ ನಾಲಿಗೆಯ ಒಲವು ತಿಳಿಯುತ್ತದೆ. ಹತ್ತಿಯೂ ಇಂಥದೇ ದಾರಿ ನಡೆದು ಬಂದ ಪದ. ತಮಿಳರ ಪರುತ್ತಿ, ನಮ್ಮ ಹಳೆಯ ಪತ್ತಿ, ಆಮೇಲೆ ಪಕಾರ ಹಕಾರವಾಗಿ ಹತ್ತಿ.

ರೂಪ ಬದಲಾದರೂ ಉದುರಿನ ಅರ್ಥ ಅಲುಗಲಿಲ್ಲ ಎಂಬುದು ನನಗೆ ಮುಖ್ಯ. ಯಾವುದಕ್ಕೆ ಉದುರು ಎನ್ನುತ್ತೇವೆ, ಯಾವುದಕ್ಕೆ ಬೀಳು ಎನ್ನುತ್ತೇವೆ? ತೆಂಗಿನಕಾಯಿ ಬೀಳುತ್ತದೆ. ಮರ ಉರುಳುತ್ತದೆ. ಎಲೆ, ಹೂ, ಮಾವಿನ ಮಿಡಿ, ಕೂದಲು, ಹಾಲುಹಲ್ಲು, ಗಾಯದ ಹಕ್ಕಳೆ, ಗೋಡೆಯ ಗಾರೆ, ಇವು ಉದುರುತ್ತವೆ. ಇವೆಲ್ಲ ಚಿಕ್ಕವು, ಹಲವು. ಮೊದಲು ಹಿಡಿತ ಸಡಿಲವಾಗಿ ಆಮೇಲೆ ನೆಲಕ್ಕೆ ಬರುವಂಥವು. ಬೀಳುವುದಕ್ಕೆ ಭಾರ ಸಾಕು. ಉದುರುವುದಕ್ಕೆ ಒಳಗೆ ಏನೋ ನಡೆದಿರಬೇಕು. ಹಾಲುಹಲ್ಲಿನ ಬೇರು ಒಸಡಿನೊಳಗೇ ಕರಗುತ್ತಾ ಬಂದಿರುತ್ತದೆ. ಹಕ್ಕಳೆಯ ಕೆಳಗೆ ಹೊಸ ಚರ್ಮ ಬಂದಿರುತ್ತದೆ. ಗಾರೆಯೊಂದನ್ನು ಬಿಟ್ಟರೆ ಈ ಪಟ್ಟಿಯಲ್ಲಿರುವುದೆಲ್ಲ ಜೀವಂತ ಮೈಯಿಂದ ಕಳಚಿಕೊಳ್ಳುವ ವಸ್ತುಗಳೇ.

ಎಲೆಗೆ ಆಗುವುದಕ್ಕೆಲ್ಲ ಕನ್ನಡ ಒಂದೇ ಮಾತು ಇಟ್ಟುಕೊಂಡಿಲ್ಲ. ನೀರು ಸಾಲದಿದ್ದರೆ ಬಾಡುತ್ತದೆ, ಸೊರಗುತ್ತದೆ. ಬಿಸಿಲಿಗೆ ಕಮರುತ್ತದೆ. ಮದ್ದು ಹೆಚ್ಚಾದರೆ ಸುಟ್ಟಂತಾಗುತ್ತದೆ. ಸತ್ತು ಗಿಡದಲ್ಲೇ ಉಳಿದರೆ ಒಣಗಿದೆ. ವಯಸ್ಸಾದದ್ದು ಹಣ್ಣೆಲೆ, ಉದುರಿ ಒಣಗಿದ್ದು ತರಗೆಲೆ. ಎಲೆಯೂ ಹಣ್ಣಾಗುತ್ತದೆ ಎಂದು ತಿಳಿದ ಭಾಷೆ ಇದು. ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತು ಎಂಬ ಗಾದೆಯನ್ನು ನಾವು ಮುಪ್ಪಿನ ಬಗ್ಗೆ ಹೇಳುತ್ತೇವೆ. ಅದು ಗಿಡದ ಬಗ್ಗೆಯೂ ಅಕ್ಷರಶಃ ನಿಜ: ಹಣ್ಣೆಲೆ ಸುಲಭವಾಗಿ ಉದುರುತ್ತದೆ, ಚಿಗುರೆಲೆ ಏನು ಮಾಡಿದರೂ ಹಿಡಿದುಕೊಂಡಿರುತ್ತದೆ. ಹತ್ತಿ ಬೆಳೆಗಾರನಿಗೆ ಇದು ತಲೆನೋವಿನ ಸಂಗತಿ, ಮುಂದೆ ಅದಕ್ಕೆ ಬರುತ್ತೇನೆ.

ಗಿಡದೊಳಗೆ ನಡೆಯುವುದು ಹೀಗೆ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಬುಡದಲ್ಲಿ ಕೆಲವೇ ಸಾಲು ಸಣ್ಣ ಜೀವಕೋಶಗಳ ಒಂದು ತೆಳು ಪಟ್ಟಿ ಇದೆ. ಎಲೆ ಪ್ರಾಯದಲ್ಲಿರುವಷ್ಟು ದಿನ ಅದರಿಂದ ಆಕ್ಸಿನ್ ಎಂಬ ಚೋದಕ ತೊಟ್ಟಿನ ಮೂಲಕ ಈ ಪಟ್ಟಿಗೆ ಇಳಿಯುತ್ತಲೇ ಇರುತ್ತದೆ. ಅದು ಬರುತ್ತಿರುವವರೆಗೆ ಪಟ್ಟಿ ಬಿಗಿ. ಎಲೆ ಹಣ್ಣಾದಂತೆ ಆಕ್ಸಿನ್ ಕಡಿಮೆಯಾಗುತ್ತದೆ, ಎಥಿಲೀನ್ ಎಂಬ ಅನಿಲದ ಮಾತು ನಡೆಯತೊಡಗುತ್ತದೆ. ಆಗ ಪಟ್ಟಿಯ ಜೀವಕೋಶಗಳು ಸೆಲ್ಯುಲೇಸ್, ಪೆಕ್ಟಿನೇಸ್ ಮೊದಲಾದ ಕಿಣ್ವಗಳನ್ನು ತಾವೇ ತಯಾರಿಸಿ ತಮ್ಮ ನಡುವಿನ ಅಂಟನ್ನು ಕರಗಿಸುತ್ತವೆ. ಕಾಂಡದ ಕಡೆ ಗಾಯ ಮುಚ್ಚುವ ಪದರವೂ ಸಿದ್ಧವಾಗುತ್ತದೆ. ಕೊನೆಗೆ ಎಲೆಯ ಭಾರವೋ ಒಂದು ಸುಳಿಗಾಳಿಯೋ ಸಾಕು.

ಕಿಣ್ವ ತಯಾರಿಸುವುದು ಬದುಕಿರುವ ಜೀವಕೋಶದ ಕೆಲಸ. ಎಂದರೆ, ಎಲೆ ಉದುರಬೇಕಾದರೆ ಅದರ ಬುಡ ಬದುಕಿರಬೇಕು, ಉದುರಿಸುವ ಸೂಚನೆ ಮುಟ್ಟುವವರೆಗಾದರೂ ಎಲೆ ಬದುಕಿರಬೇಕು. ಎಲೆಯನ್ನು ಒಮ್ಮೆಲೇ ಕೊಂದರೆ ಅದು ಉದುರುವುದಿಲ್ಲ. ಒಣಗಿ ಗಿಡದಲ್ಲೇ ನೇತಾಡುತ್ತದೆ. ಮುರಿದು ಬಿದ್ದ ಮಾವಿನ ಕೊಂಬೆಯ ಎಲೆಗಳು ತಿಂಗಳಾದರೂ ಕೊಂಬೆಗೇ ಅಂಟಿಕೊಂಡಿರುವುದು ಇದೇ ಕಾರಣಕ್ಕೆ.

ಪ್ರಾಚೀನರ ಗಮನಕ್ಕೂ ತಾನಾಗಿ ಉದುರುವುದು ಬೇರೆ, ಕೀಳುವುದು ಬೇರೆ ಎಂಬುದು ಬಂದಿತ್ತು. ಪಾರ್ವತಿ ತಪಸ್ಸಿಗೆ ಕೂತಾಗ ತಾವಾಗಿ ಉದುರಿದ ಎಲೆಗಳನ್ನೂ ತಿನ್ನುವುದು ಬಿಟ್ಟಳು, ಆದ್ದರಿಂದ ಅಪರ್ಣಾ ಎನ್ನಿಸಿಕೊಂಡಳು ಎಂದು ಕಾಳಿದಾಸನ ಕುಮಾರಸಂಭವ ಆ ಹೆಸರನ್ನು ಬಿಡಿಸುತ್ತದೆ. ಸಂಸ್ಕೃತದ ಪತ್ರ ಎಂಬ ಪದ ಹುಟ್ಟಿದ್ದು ಹಾರು, ಬೀಳು ಎಂಬ ಅರ್ಥದ ಪತ್ ಧಾತುವಿನಿಂದ. ನಮ್ಮ ಶಾಲೆಯ ಭೂಗೋಳ ಪಾಠಗಳಲ್ಲಿ ಪರ್ಣಪಾತಿ ಕಾಡು ಎಂಬ ಸಂಸ್ಕೃತ ಹೆಸರಿನ ಪಕ್ಕದಲ್ಲಿ ಎಲೆ ಉದುರುವ ಕಾಡು, ಎಲೆ ಉದುರಿಸುವ ಕಾಡು ಎಂಬ ಎರಡೂ ಕನ್ನಡ ರೂಪಗಳು ಬಳಕೆಯಲ್ಲಿವೆ. ಎರಡನೆಯದು ಹೆಚ್ಚು ಸರಿ ಎಂದು ನನ್ನ ಅನಿಸಿಕೆ. ಬೇಸಿಗೆಯ ನೀರಿನ ಬರಕ್ಕೆ ತೇಗ ತಾನೇ ಎಲೆ ಉದುರಿಸುತ್ತದೆ. ಕೆಲಸ ಮಾಡುವುದು ಮರವೇ.

ಉದುರಿಸು ಎಂಬ ಪ್ರೇರಣಾರ್ಥಕ ರೂಪಕ್ಕೆ ಎರಡು ಬಗೆಯ ಬಾಳಿದೆ. ಉಪ್ಪಿಟ್ಟಿನ ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿ ಎಂದಾಗ ಸೊಪ್ಪು ಏನನ್ನೂ ಮಾಡುವುದಿಲ್ಲ, ಕೈ ಮಾಡುತ್ತದೆ. ಗಿಡದ ಎಲೆ ಉದುರಿಸುವುದು ಹಾಗಲ್ಲ. ಅದು ಮಗುವನ್ನು ಮಲಗಿಸಿದಂತೆ: ತೂಗಬಹುದು, ದೀಪ ಆರಿಸಬಹುದು, ನಿದ್ದೆ ಮಾಡಬೇಕಾದದ್ದು ಮಗುವೇ. ಹತ್ತಿ ಹೊಲದಲ್ಲಿ ಯಾವ ಮದ್ದು, ಯಾವ ದಿನ, ಎಷ್ಟು ಎಂಬ ಲೆಕ್ಕಾಚಾರವೆಲ್ಲ ಈ ಎರಡನೆಯ ಉದುರಿಸುವಿಕೆಗೆ ಸೇರಿದ್ದು.

ಎಲೆ ಉದುರಿಸುವ ಅಗತ್ಯ ಬಂದದ್ದು ಯಂತ್ರದಿಂದ. ಅಮೆರಿಕದಲ್ಲಿ ಜಾನ್ ರಸ್ಟ್ ಮತ್ತು ತಮ್ಮ ಮ್ಯಾಕ್ ರಸ್ಟ್ 1930ರ ದಶಕದಲ್ಲಿ ತೇವ ಮಾಡಿದ ಕದಿರುಗಳು ತಿರುಗುತ್ತಾ ಅರಳೆಯನ್ನು ಸುತ್ತಿಕೊಳ್ಳುವ ಯಂತ್ರವನ್ನು ತೋರಿಸಿದರು. ಅಜ್ಜಿ ನೂಲುವಾಗ ಕದಿರನ್ನು ತೇವ ಮಾಡಿಕೊಳ್ಳುತ್ತಿದ್ದ ನೆನಪಿನಿಂದ ಈ ಉಪಾಯ ಹೊಳೆಯಿತೆಂದು ಜಾನ್ ಹೇಳಿಕೊಂಡಿದ್ದಾನೆ. 1944ರಲ್ಲಿ ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್ ಹತ್ತಿರದ ಹಾಪ್ಸನ್ ತೋಟದಲ್ಲಿ ಬಿತ್ತನೆಯಿಂದ ಕೊಯ್ಲಿನವರೆಗೆ ಯಂತ್ರದಿಂದಲೇ ಬೆಳೆದ ಹತ್ತಿ ಬೇಲ್ ಆಯಿತು. ಕೈಗೆ ಕಣ್ಣಿದೆ, ಕದಿರಿಗೆ ಇಲ್ಲ. ಗಿಡದಲ್ಲಿ ಹಸಿ ಎಲೆ ಇದ್ದರೆ ಅದರ ರಸ ಅರಳೆಗೆ ಹಸಿರು ಕಲೆ ಹಚ್ಚುತ್ತದೆ. ಒಣ ಎಲೆ ಇದ್ದರೆ ಪುಡಿಯಾಗಿ ಅರಳೆಯೊಳಗೆ ಸೇರುತ್ತದೆ, ಜಿನ್ನಿನಲ್ಲಿ ಎಷ್ಟು ಬಡಿದರೂ ಪೂರ್ತಿ ಹೋಗುವುದಿಲ್ಲ. ಎರಡರಿಂದಲೂ ದರ್ಜೆ ಇಳಿಯುತ್ತದೆ, ಬೆಲೆ ಇಳಿಯುತ್ತದೆ.

ಇನ್ನೊಂದು ತೊಡಕು ಹತ್ತಿಯ ಹುಟ್ಟಿನಲ್ಲೇ ಇದೆ. ಅದು ಮೂಲತಃ ಹಲವು ವರ್ಷ ಬಾಳುವ ಗಿಡ. ನಾವು ಅದನ್ನು ಒಂದು ಹಂಗಾಮಿನ ಬೆಳೆ ಮಾಡಿಕೊಂಡಿದ್ದೇವೆ. ಭತ್ತ, ಜೋಳದಂತೆ ಕಾಳು ಬಲಿತೊಡನೆ ತಾನೂ ಒಣಗಿ ಮುಗಿಯುವ ಬುದ್ಧಿ ಅದಕ್ಕಿಲ್ಲ. ಕೆಳಗಿನ ಕಾಯಿ ಒಡೆದು ಬೆಳ್ಳಗಾಗಿರುವಾಗ ತುದಿಯಲ್ಲಿ ಇನ್ನೂ ಮೊಗ್ಗು ಬಿಡುತ್ತಿರುತ್ತದೆ.

1930ರ ದಶಕದ ಕೊನೆಯಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಕ್ಯಾಲ್ಸಿಯಂ ಸಯನಮೈಡ್ ಎಂಬ ಗೊಬ್ಬರದ ಪುಡಿ ಎಲೆಗಳ ಮೇಲೆ ಕೂತರೆ ಹತ್ತಿಯ ಎಲೆ ಉದುರುತ್ತದೆಂದು ಗೊತ್ತಾಯಿತು. ಆ ಪುಡಿಗೆ ಇಬ್ಬನಿ ಬೇಕು. ಎಲೆ ಒದ್ದೆಯಿಲ್ಲದಿದ್ದರೆ ಫಲವಿಲ್ಲ. ಆಮೇಲೆ ಬಂದ ದ್ರವರೂಪದ ಮದ್ದುಗಳು ಆ ಕಟ್ಟನ್ನು ಬಿಡಿಸಿದವು. ಇಂದು ಬಳಕೆಯಲ್ಲಿರುವವು ಎರಡು ಜಾತಿ. ಟ್ರೈಬುಫಾಸ್, ಕಾರ್ಫೆಂಟ್ರಝೋನ್ ಥರದವು ಎಲೆಗೆ ಹದವಾಗಿ ಗಾಯ ಮಾಡುತ್ತವೆ. ಗಾಯಗೊಂಡ ಎಲೆ ತಾನೇ ಎಥಿಲೀನ್ ಹುಟ್ಟಿಸುತ್ತದೆ, ಬುಡ ಸಡಿಲವಾಗುತ್ತದೆ. ಥಿಡಿಯಾಜುರಾನ್ ಮತ್ತು ಎಥೆಫಾನ್ ಚೋದಕಗಳ ದಾರಿಯಲ್ಲೇ ಕೆಲಸ ಮಾಡುತ್ತವೆ. ಎಥೆಫಾನ್ ಗಿಡದೊಳಗೆ ಹೋಗಿ ಒಡೆದು ಎಥಿಲೀನನ್ನೇ ಬಿಡುತ್ತದೆ. ಕಾಯಿ ಬೇಗ ಒಡೆಯುವಂತೆ ಮಾಡುವುದು ಅದರ ಹೆಚ್ಚಿನ ಉಪಯೋಗ. ಥಿಡಿಯಾಜುರಾನ್ ಎಲೆ ಉದುರಿಸುವುದರ ಜೊತೆಗೆ ಮರುಚಿಗುರನ್ನೂ ತಡೆಯುತ್ತದೆ.

ಮರುಚಿಗುರು ಎಂದೆ. ಗಾದೆಯ ಚಿಗುರೆಲೆ ಹೊಲದಲ್ಲಿ ನಗುವುದು ಇಲ್ಲೇ. ಹಣ್ಣೆಲೆ ಉದುರಿತು, ನೆಲದಲ್ಲಿ ಸಾರಜನಕ ಮಿಕ್ಕಿದೆ, ಒಂದು ಮಳೆ ಬಂತು, ಹತ್ತು ಹನ್ನೆರಡು ದಿನಗಳಲ್ಲಿ ಗಿಡದ ತುಂಬ ಎಳೆ ತಪ್ಪಲು. ಎಳೆ ಎಲೆಯಲ್ಲಿ ಆಕ್ಸಿನ್ ಧಾರಾಳ. ಅದು ಉದುರಲು ಒಪ್ಪುವುದಿಲ್ಲ. ಅದಕ್ಕೇ ಅಲ್ಲಿನ ಬೆಳೆಗಾರರು ಹಂಗಾಮಿನ ಮೊದಲಲ್ಲೇ ಸಾರಜನಕದ ಲೆಕ್ಕ ಬಿಗಿ ಹಿಡಿಯುತ್ತಾರೆ. ಎರಡು ವಾರದೊಳಗೆ ಬಿಡಿಸಿ ಮುಗಿಸಬಲ್ಲಷ್ಟು ಹೊಲಕ್ಕೆ ಮಾತ್ರ ಒಂದು ಸಲಕ್ಕೆ ಸಿಂಪಡಿಸುತ್ತಾರೆ.

ದಿನ ನೋಡುವ ಕೆಲಸಕ್ಕೆ ಬೇಕಾದದ್ದು ಕಣ್ಣು ಮತ್ತು ಚಾಕು. ನೂರರಲ್ಲಿ ಅರವತ್ತು ಕಾಯಿ ಒಡೆದಿರಬೇಕೆಂಬುದು ವಾಡಿಕೆಯ ಅಳತೆ. ಇನ್ನೊಂದು ಅಳತೆ ಗೆಣ್ಣಿನದು: ಕಾಂಡಕ್ಕೆ ಹತ್ತಿರದ ಕಾಯಿಗಳಲ್ಲಿ ಬಿರಿದಿರುವ ತೀರ ಮೇಲಿನದರಿಂದ ಶುರುಮಾಡಿ, ಬಿಡಿಸಬೇಕೆಂದುಕೊಂಡ ತೀರ ಮೇಲಿನ ಕಾಯಿಯವರೆಗೆ ಗೆಣ್ಣು ಎಣಿಸಿದರೆ ನಾಲ್ಕಕ್ಕಿಂತ ಹೆಚ್ಚಿರಬಾರದು. ಆ ಮೇಲಿನ ಕಾಯಿಯನ್ನು ಅಡ್ಡ ಕೊಯ್ದು ನೋಡಬೇಕು. ಬೀಜದ ಸಿಪ್ಪೆ ಕಂದಿದ್ದು, ಒಳಗೆ ಲೋಳೆ ಹೋಗಿ ಎಳೆ ಎಲೆಯ ಮಡಿಕೆಗಳು ಕಂಡು, ನೂಲು ಎಳೆದಾಗ ದಾರದಂತೆ ಬಂದರೆ ಕಾಯಿ ಬಲಿತಿದೆ. ಅದಕ್ಕೆ ಮುಂಚೆ ಎಲೆ ಉದುರಿಸಿದರೆ ಮೇಲಿನ ಕಾಯಿಗಳಿಗೆ ಊಟ ತಪ್ಪುತ್ತದೆ, ನೂಲು ಸಪ್ಪೆಯಾಗುತ್ತದೆ, ತೂಕ ಹೋಗುತ್ತದೆ. ತಡಮಾಡಿದರೆ ಒಡೆದ ಅರಳೆ ಮಳೆಗೆ ಸಿಕ್ಕಿ ಬಣ್ಣ ಕೆಡುತ್ತದೆ.

ಇಷ್ಟಾದ ಮೇಲೆ ಹವೆ. ರಾತ್ರಿಯ ತಾಪ 18 ಡಿಗ್ರಿಗಿಂತ ಕೆಳಗಿಳಿದರೆ ಥಿಡಿಯಾಜುರಾನ್ ಮಂಕಾಗುತ್ತದೆ, ಏಕೆಂದರೆ ಕಿಣ್ವಗಳೂ ಮಂಕು. ಹಗಲು ಬಹಳ ಬಿಸಿಯಿದ್ದರೆ ಗಾಯ ಮಾಡುವ ಮದ್ದು ವಿಪರೀತ ವೇಗದಲ್ಲಿ ಕೆಲಸ ಮಾಡಿ, ಬುಡ ಸಡಿಲವಾಗುವ ಮೊದಲೇ ಎಲೆಯನ್ನು ಕೊಲ್ಲುತ್ತದೆ. ಎಲೆ ಗಿಡದಲ್ಲೇ ಒಣಗಿ ನಿಲ್ಲುತ್ತದೆ. ಅದಕ್ಕೇ ಬಿಸಿಲಿನಲ್ಲಿ ಪ್ರಮಾಣ ಇಳಿಸುತ್ತಾರೆ, ಚಳಿಯಲ್ಲಿ ಏರಿಸುತ್ತಾರೆ. ಮದ್ದು ಹೆಚ್ಚಾದಷ್ಟೂ ಕೆಲಸ ಹೆಚ್ಚು ಎಂದುಕೊಂಡವನ ಹೊಲದಲ್ಲಿ ಕಂದು ಎಲೆಗಳು ಹಾಗೇ ತೂಗಾಡುತ್ತಿರುತ್ತವೆ. ಸಿಂಪಡಿಸಿ ಏಳರಿಂದ ಹದಿನಾಲ್ಕು ದಿನ ಕಾಯಬೇಕಾಗುವುದೂ ಇದರಿಂದಲೇ. ಗಿಡ ತನ್ನ ಕೆಲಸಕ್ಕೆ ತೆಗೆದುಕೊಳ್ಳುವ ಹೊತ್ತು ಅದು.

ಮಿಸಿಸಿಪಿ ಬಯಲಿನಿಂದ ಟೆಕ್ಸಾಸಿನ ಲಬಕ್ ಸುತ್ತಿನ ಎತ್ತರದ ಬಯಲಿಗೆ ಬಂದರೆ ಕ್ರಿಯಾಪದವೇ ಬದಲಾಗುತ್ತದೆ. ಅಲ್ಲಿ ಗಾಳಿ ಜೋರು, ಗಿಡ ಗಿಡ್ಡ, ಕಾಯಿ ಅರಳೆಯನ್ನು ಬಿಗಿಯಾಗಿ ಹಿಡಿದುಕೊಳ್ಳುವ ತಳಿಗಳು. ಅಲ್ಲಿ ಬಹುಕಾಲ ನಡೆದುಬಂದ ಯಂತ್ರ ಕದಿರಿನದಲ್ಲ, ಗಿಡವನ್ನು ಬಾಚಿ ಸಿಪ್ಪೆ ಸಮೇತ ಕಾಯಿ ಕಿತ್ತುಕೊಳ್ಳುವಂಥದು. ಅದಕ್ಕೆ ಗಿಡವೆಲ್ಲ ಗರಿಗರಿಯಾಗಿ ಒಣಗಿರಬೇಕು. ಹಾಗಾಗಿ ಮೊದಲು ಆದಷ್ಟು ಎಲೆ ಉದುರಿಸಿ, ಉಳಿದದ್ದನ್ನು ಪ್ಯಾರಾಕ್ವಾಟ್ ಹಾಕಿ ಒಣಗಿಸುತ್ತಾರೆ. ಇಲ್ಲವೇ ಹಿಮ ಬಿದ್ದು ಗಿಡ ಸಾಯುವುದನ್ನು ಕಾಯುತ್ತಾರೆ. ಉದುರಿಸುವುದು, ಒಣಗಿಸುವುದು ಅಲ್ಲಿ ಒಂದರ ಹಿಂದೊಂದು ಬರುವ ಎರಡು ಬೇರೆ ಕೆಲಸ. ಕ್ರಮ ತಪ್ಪಿ ಒಣಗಿಸುವ ಮದ್ದು ಮೊದಲು ಬಿದ್ದರೆ ಉದುರಿಸುವ ಅವಕಾಶ ಹೋಯಿತು.

ಇಂಗ್ಲಿಷಿನಲ್ಲಿ ಈ ಮದ್ದುಗಳಿಗೆ ಡಿಫೋಲಿಯಂಟ್ ಎಂದು ಹೆಸರು. ಎಲೆ ಎಂಬ ಅರ್ಥದ ಫೋಲಿಯಂ ಎಂಬ ಲ್ಯಾಟಿನ್ ಪದದ ಮುಂದೆ ಕಳೆಯುವ ಅರ್ಥದ ಡಿ ಸೇರಿದೆ. ಎಲೆ ತೆಗೆಯುವುದು ಎಂದಷ್ಟೇ ಅದು ಹೇಳುತ್ತದೆ; ಹೇಗೆ ತೆಗೆದದ್ದು, ಎಲೆ ಬದುಕಿತ್ತೇ ಸತ್ತಿತ್ತೇ, ಯಾವುದನ್ನೂ ಹೇಳುವುದಿಲ್ಲ. ಆ ಮೌನದೊಳಕ್ಕೆ ಯುದ್ಧ ನುಗ್ಗಿತು. 1943ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಗಾಲ್ಸ್ಟನ್ ಸೋಯಾ ಅವರೆ ಬೇಗ ಹೂ ಬಿಡುವಂತೆ ಮಾಡುವ ಒಂದು ರಾಸಾಯನಿಕದ ಮೇಲೆ ಸಂಶೋಧನೆ ಮಾಡುತ್ತಿದ್ದ. ಪ್ರಮಾಣ ಹೆಚ್ಚಾದರೆ ಅದು ಎಲೆ ಉದುರಿಸುತ್ತದೆಂದು ಬರೆದಿಟ್ಟ. ಎಲೆ ಉದುರಿಸುವ ವಿದ್ಯೆಯತ್ತ ಸೈನ್ಯದ ಕಣ್ಣು ಹೋಯಿತು. 1962ರಿಂದ 1971ರವರೆಗೆ ವಿಯೆಟ್ನಾಮಿನ ಕಾಡು, ಗದ್ದೆಗಳ ಮೇಲೆ ಅಮೆರಿಕದ ವಿಮಾನಗಳು ಏಳು ಕೋಟಿ ಲೀಟರಿನಷ್ಟು ಕಳೆನಾಶಕ ಸುರಿದವು. ಹೆಚ್ಚಿನ ಪಾಲು ಏಜೆಂಟ್ ಆರೆಂಜ್, ಅದರಲ್ಲಿ ಡಯಾಕ್ಸಿನ್ ಎಂಬ ವಿಷ ಬೆರೆತಿತ್ತು. ಅದನ್ನು ನಿಲ್ಲಿಸಬೇಕೆಂದು ದನಿಯೆತ್ತಿದ ವಿಜ್ಞಾನಿಗಳಲ್ಲಿ ಗಾಲ್ಸ್ಟನ್ ಮುಂದಿನ ಸಾಲಿನಲ್ಲಿದ್ದ. ಹತ್ತಿಯ ಮದ್ದೂ ಕಾಡು ಸಾಯಿಸಿದ ಮದ್ದೂ ಒಂದೇ ಹೆಸರಿನಡಿ ನಿಂತಿರುವುದರಿಂದ ಇಂದಿಗೂ ಆ ಪದ ಕೇಳಿದರೆ ಜನಕ್ಕೆ ನೆನಪಾಗುವುದು ಹತ್ತಿಯಲ್ಲ, ವಿಯೆಟ್ನಾಂ. ಹಾಗೆಂದು ಹತ್ತಿಯ ಮದ್ದುಗಳು ಸಾಧುಗಳೂ ಅಲ್ಲ. ಟ್ರೈಬುಫಾಸ್ ನರಗಳಿಗೆ ಕೆಟ್ಟದ್ದು ಮಾಡುವ ಆರ್ಗನೋಫಾಸ್ಫೇಟ್ ಕುಲದ್ದು, ವಾಸನೆಯೂ ಉಸಿರುಗಟ್ಟಿಸುವಂಥದು. ಸೋವಿಯತ್ ಕಾಲದ ಉಜ್ಬೆಕಿಸ್ತಾನದಲ್ಲಿ ಅದೇ ರಾಸಾಯನಿಕವನ್ನು ಬುಟಿಫಾಸ್ ಎಂಬ ಹೆಸರಲ್ಲಿ ಸುರಿದ ಹೊಲಗಳ ಪಕ್ಕದಲ್ಲೇ ಜನ ಬದುಕಬೇಕಾಯಿತು. ಪ್ಯಾರಾಕ್ವಾಟ್ ಒಂದು ಗುಟುಕು ಒಳಗೆ ಹೋದರೆ ಜೀವ ಉಳಿಯುವುದು ಕಷ್ಟ.

ವಿಜ್ಞಾನಿಗಳ ಪದಕ್ಕೂ ಒಂದು ಕತೆಯಿದೆ. ಉದುರುವ ಕ್ರಿಯೆಗೆ ಅವರು ಆಬ್ಸಿಷನ್ ಎನ್ನುತ್ತಾರೆ. ಕತ್ತರಿಸಿ ಹಾಕು ಎಂಬ ಲ್ಯಾಟಿನ್ ಧಾತು ಅದರ ಮೂಲ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಫ್ರೆಡರಿಕ್ ಆಡಿಕಾಟ್ ಮತ್ತು ಸಂಗಡಿಗರು ಹತ್ತಿಯ ಎಳೆಗಾಯಿ ಏಕೆ ಉದುರುತ್ತದೆಂದು ಹುಡುಕುತ್ತಾ 1963ರಲ್ಲಿ ಆ ಕಾಯಿಗಳಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಉದುರಿಸುವ ವಸ್ತು ಎಂದು ಅದಕ್ಕೆ ಆಬ್ಸಿಸಿನ್ ಎಂದು ಹೆಸರಿಟ್ಟರು. ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಮರದ ಮೊಗ್ಗುಗಳ ನಿದ್ದೆಯನ್ನು ಅರಸುತ್ತಿದ್ದವರಿಗೂ ಅದೇ ವಸ್ತು ಸಿಕ್ಕಿತು, ಅವರು ಡಾರ್ಮಿನ್ ಎಂದರು. 1967ರಲ್ಲಿ ಎರಡು ಹೆಸರನ್ನೂ ಬಿಟ್ಟು ಆಬ್ಸಿಸಿಕ್ ಆಮ್ಲ ಎಂದು ಒಪ್ಪಿಕೊಂಡರು. ಮುಂದಿನ ಸಂಶೋಧನೆ ತೋರಿಸಿದ್ದೇನೆಂದರೆ, ಅದರ ಮುಖ್ಯ ಕೆಲಸ ಬರಗಾಲದಲ್ಲಿ ಎಲೆಯ ರಂಧ್ರ ಮುಚ್ಚುವುದು, ಬೀಜವನ್ನು ಮಲಗಿಸುವುದು. ಉದುರಿಸುವ ಅಧಿಕಾರ ಹೆಚ್ಚಾಗಿ ಎಥಿಲೀನಿನದು. 19ನೇ ಶತಮಾನದ ಯುರೋಪಿನಲ್ಲಿ ಬೀದಿದೀಪದ ಅನಿಲದ ಕೊಳವೆ ಸೋರಿದ ಕಡೆ ಮರಗಳು ಅಕಾಲದಲ್ಲಿ ಎಲೆ ಉದುರಿಸಿದ್ದೂ ಅದರಿಂದಲೇ. ಸೇಂಟ್ ಪೀಟರ್ಸ್‌ಬರ್ಗ್‌ನ ನೆಲ್ಯುಬೋವ್ 1901ರಲ್ಲಿ ದೀಪದ ಅನಿಲದಲ್ಲಿ ಗಿಡಗಳ ಮೇಲೆ ಕೆಲಸ ಮಾಡುವ ಅಂಶ ಎಥಿಲೀನ್ ಎಂದು ಬಟಾಣಿ ಸಸಿಗಳ ಮೇಲೆ ತೋರಿಸಿಕೊಟ್ಟಿದ್ದ. ಹತ್ತಿಕಾಯಿ ಕೊಟ್ಟ ಹೆಸರು ಮಾತ್ರ ಆಮ್ಲಕ್ಕೆ ಅಂಟಿಕೊಂಡೇ ಇದೆ.

ನಮ್ಮ ರೈತನಿಗೆ ಎಲೆಗಿಂತ ಮೊದಲು ಚಿಂತೆ ಹಚ್ಚುವುದು ಮೊಗ್ಗು. ಹಾವೇರಿ, ರಾಯಚೂರಿನ ಎರೆ ಹೊಲಗಳಲ್ಲಿ ಮೋಡ ಮುಚ್ಚಿ ನಾಲ್ಕು ದಿನ ಮಳೆ ಹಿಡಿದರೆ 'ಹೂ ಮಗ್ಗಿ ಎಲ್ಲಾ ಉದುರಾಕತ್ತಾವ್ರೀ' ಎನ್ನುತ್ತಾ ಮದ್ದಿನ ಅಂಗಡಿಗೆ ಬರುತ್ತಾರೆ. ಅಂಗಡಿಯವರು ಕೊಡುವುದು ಪ್ಲಾನೋಫಿಕ್ಸ್, ಎಂದರೆ ಒಂದು ಕೃತಕ ಆಕ್ಸಿನ್. ಬುಡದ ಪಟ್ಟಿಯನ್ನು ಬಿಗಿಯಾಗಿಡುವ ಮದ್ದು ಅದು. ಮೊಗ್ಗು ಉದುರುವುದೂ ಎಲೆ ಉದುರುವುದೂ ಒಂದೇ ಯಂತ್ರದ ಕೆಲಸ ಎಂದು ಪ್ರಯೋಗಾಲಯ ತೋರಿಸುವ ಬಹಳ ಮೊದಲೇ ಕನ್ನಡ ಎರಡಕ್ಕೂ ಒಂದೇ ಕ್ರಿಯಾಪದ ಇಟ್ಟಿತ್ತು.

ಕೊಯ್ಲಿನ ಮುಂಚೆ ಎಲೆ ಉದುರಿಸುವ ವಾಡಿಕೆ ನಮ್ಮಲ್ಲಿ ಬೇರೂರಿಲ್ಲ. ಇಲ್ಲಿ ಹತ್ತಿ ಬಿಡಿಸುವುದು ಹೆಣ್ಣುಮಕ್ಕಳ ಕೈ. ಕೈ ಎಲೆಯನ್ನು ಸರಿಸಿ ಅರಳೆಯನ್ನಷ್ಟೇ ತೆಗೆಯುತ್ತದೆ. ಒಣ ಎಲೆ ಪುಡಿಯಾಗಿ ಅಂಟದಿರಲೆಂದೇ ಇಬ್ಬನಿಯ ಮೆದು ಇರುವ ಬೆಳಗಿನ ಹೊತ್ತಲ್ಲಿ ಬಿಡಿಸಬೇಕೆಂದು ಕೃಷಿ ಇಲಾಖೆಯವರು ಹೇಳುವುದು. ಆದರೆ ಬಿಡಿಸುವ ಕೂಲಿ ವರ್ಷವರ್ಷ ಏರುತ್ತಿದೆ, ಆಳು ಸಿಗುತ್ತಿಲ್ಲ. ಒತ್ತೊತ್ತಾಗಿ ಬಿತ್ತಿ, ಗಿಡ್ಡ ಗಿಡ ಬೆಳೆದು, ಎಲೆ ಉದುರಿಸಿ ಯಂತ್ರದಿಂದ ಬಿಡಿಸುವ ಪ್ರಯೋಗಗಳು ನಮ್ಮ ದೇಶದ ಸಂಶೋಧನಾ ತಾಕುಗಳಲ್ಲೂ ನಡೆದಿವೆ. ಅವು ಹೊಲಕ್ಕೆ ಬರುವ ದಿನ ಡಬ್ಬಿಯ ಮೇಲಿನ ಕನ್ನಡ ಹೇಗಿರಬೇಕು ಎಂಬುದು ನನಗೆ ಸಣ್ಣ ಪ್ರಶ್ನೆಯಲ್ಲ. ಸಂಸ್ಕೃತದಿಂದ ಕಟ್ಟಿ ಪರ್ಣಪಾತಕ ಎಂದರೆ ಕನ್ನಡದ ಕಿವಿಗೆ ಕೇಳುವುದು ಪಾತಕ. ಎಲೆನಾಶಕ ಎಂದರೆ ಇನ್ನೂ ಕೆಟ್ಟದ್ದು, ಏಕೆಂದರೆ ನಾಶ ಮಾಡಿದರೆ ಕೆಲಸ ಕೆಡುತ್ತದೆ. ಎಲೆ ಉದುರಿಸುವ ಮದ್ದು ಎಂದೇ ಬರೆಯಬೇಕು. ಒಣಗಿಸುವ ಮದ್ದಿದ್ದರೆ ಎಲೆ ಒಣಗಿಸುವ ಮದ್ದು ಎಂದು ಬೇರೆಯಾಗಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಕೆಳಗೆ ಇಷ್ಟಿರಲಿ: ನೂರಕ್ಕೆ ಅರವತ್ತು ಕಾಯಿ ಒಡೆದಿರಲಿ. ಮೇಲಿನ ಕಾಯಿ ಕೊಯ್ದು ಬೀಜ ನೋಡಿ. ಬಿಸಿಲು ಹೆಚ್ಚಿದ್ದರೆ ಗಾಯ ಮಾಡುವ ಮದ್ದಿನ ಪ್ರಮಾಣ ಕಡಿಮೆ ಮಾಡಿ. ಎರಡು ವಾರದಲ್ಲಿ ಬಿಡಿಸಲಾಗುವಷ್ಟಕ್ಕೇ ಹೊಡೆಯಿರಿ. ಕೈಗವಸು, ಮುಖಕ್ಕೆ ಮುಸುಕು ಇಲ್ಲದೆ ಡಬ್ಬಿ ತೆರೆಯಬೇಡಿ.